ಅರಿಶಿನದ ಕಲೆ ಅಂದುಕೊಂಡ ನಾಲ್ಕು ದಿನ

ಬಳೆ ಮಾರುವವರು ಜನರನ್ನು ಮುಖ ನೋಡಿ ಗುರುತಿಡುವುದಿಲ್ಲ, ಕೈ ನೋಡಿ ಗುರುತಿಡುತ್ತಾರೆ. ಭದ್ರಾವತಿಯ ಹಳೇನಗರದಲ್ಲಿ ನನ್ನದು ಮೂವತ್ತು ವರ್ಷದ ಬಳೆ ಅಂಗಡಿ. ಗಿರಾಕಿಯ ಹೆಸರು ಮರೆತುಹೋಗುತ್ತದೆ. "ಎರಡೂಕಾಲು ಸೈಜು, ಹೆಬ್ಬೆರಳ ಗೆಣ್ಣು ದಪ್ಪ, ಮೆಲ್ಲಗೆ ಏರಿಸಬೇಕು" ಅನ್ನುವುದು ಮಾತ್ರ ಮರೆಯುವುದಿಲ್ಲ. ಎದುರಿಗೆ ಬಂದು ಮಾತಾಡಿಸಿದವರನ್ನು ಯಾರೆಂದು ತಿಳಿಯದೆ ನಿಂತಾಗ, ಅವರು ಕೈ ಚಾಚಿದರೆ ಸಾಕು, ಎಲ್ಲ ನೆನಪಾಗುತ್ತದೆ. ಆ ನನ್ನ ಬಲಗೈಗೆ ಒದಗಿದ ಕಥೆ ಇದು.

ಬರೆಯಬೇಕೆಂದು ನಾನೇನೂ ಹೊರಟವಳಲ್ಲ. ಹೋದ ತಿಂಗಳು ಶಿವಮೊಗ್ಗದ ಆಸ್ಪತ್ರೆಯ ಸಿಸ್ಟರ್ ಪ್ರಮೀಳಾ ಫೋನ್ ಮಾಡಿದ್ದಳು. "ಮಂಗಳಾ ಆಂಟಿ, ನೀವಿದ್ರಲ್ಲ, ಅದೇ ಮೂಲೆ ರೂಮಲ್ಲಿ ಈಗ ಇನ್ನೊಬ್ರು ಅಮ್ಮ ಇದಾರೆ. ನಿಮ್ಮ ಥರದ್ದೇ ಸೋಂಕು. ಯಾರ ಹತ್ರನೂ ಮಾತಾಡ್ತಿಲ್ಲ, ಗೋಡೆ ಕಡೆ ತಿರುಗಿ ಮಲಗ್ತಾರೆ. ನೀವೊಂದು ಮಾತು ಹೇಳಿ" ಅಂದಳು. ಫೋನಿನಲ್ಲಿ ಮಾತಾಡಿದೆ. ಆ ಕಡೆಯಿಂದ ಹೂಂ ಅನ್ನುವುದು ಬಿಟ್ಟು ಇನ್ನೇನೂ ಬರಲಿಲ್ಲ. ಗೋಡೆ ಕಡೆ ತಿರುಗಿ ಮಲಗುವುದು ಏನೆಂದು ನನಗೆ ಗೊತ್ತು. ಆಗ ಯಾರ ಮಾತೂ ಕಿವಿಗೆ ಹೋಗುವುದಿಲ್ಲ. ಕಾಗದವಾದರೆ ಪಕ್ಕದಲ್ಲಿ ಬಿದ್ದಿರುತ್ತದೆ, ಬೇಕೆನಿಸಿದಾಗ ಓದಿಕೊಳ್ಳಬಹುದು.

ಮದುವೆ ಕಾಲ. ಮೇಲಿನ ಹಲಗೆಯಲ್ಲಿದ್ದ ಬಳೆ ಡಬ್ಬಿ ತೆಗೆಯಲು ಸ್ಟೂಲು ಹತ್ತಿದ್ದೆ. ಸ್ಟೂಲು ಜಾರಿತು. ಡಬ್ಬಿಯನ್ನು ಎಡಗೈಯಲ್ಲಿ ಎದೆಗೊತ್ತಿ ಹಿಡಿದು ಬಲಗೈ ಊರಿಕೊಂಡು ಬಿದ್ದೆ. ಡಬ್ಬಿಯಲ್ಲಿ ಒಂದು ಬಳೆಯೂ ಹೆಚ್ಚಾಗಲಿಲ್ಲ. ನಮ್ಮ ವ್ಯಾಪಾರದಲ್ಲಿ ಬಳೆ ಒಡೆಯಿತು ಅನ್ನಬಾರದು, ಹೆಚ್ಚಾಯಿತು ಅನ್ನಬೇಕು. ಮೂಳೆಗೆ ಅಂಥ ಮರ್ಯಾದೆ ಇಲ್ಲ, ಮುಂಗೈಯ ಎರಡೂ ಮೂಳೆ ಮುರಿದವು.

ಶಿವಮೊಗ್ಗದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪ್ಲೇಟು ಹಾಕಬೇಕು ಅಂದರು. ಕೈ ಊದಿ ಬಳೆ ಜಾರುತ್ತಿರಲಿಲ್ಲ. ಬಟ್ಟೆ ಸುತ್ತಿ ಒತ್ತಿ, ಒಂದೊಂದನ್ನೇ ಹೆಚ್ಚು ಮಾಡಿ ತೆಗೆದರು. ಆ ಸದ್ದಿಗೆ ನಾನು ಅತ್ತುಬಿಟ್ಟೆ. ಮೂಳೆ ಮುರಿದಾಗ ಅಳದವಳು ಈಗ ಅಳುತ್ತಿದ್ದಾಳಲ್ಲ ಎಂದು ನಮ್ಮ ಯಜಮಾನರು ಹತ್ತಿರ ಬಂದು, "ಲೇ ಮಂಗಳಾ, ನನ್ನ ಆಯಸ್ಸು ನಿನ್ನ ಬಳೆ ಒಳಗಿಲ್ಲ ಕಣೇ. ಸುಮ್ನಿರು" ಅಂದರು. ಕಾರ್ಖಾನೆಯಲ್ಲಿ ಫಿಟರ್ ಆಗಿದ್ದು ನಿವೃತ್ತರಾದವರು ಅವರು. ಮಾತು ಕಡಿಮೆ, ಆಡಿದರೆ ನಟ್ಟು ಬಿಗಿ ಮಾಡಿದ ಹಾಗೆ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಹಳೆಯ ಬಳೆ ಇಳಿಸುವಾಗ ಒಂದನ್ನು ಕೈಯಲ್ಲೇ ಉಳಿಸಿ, ಹೊಸದೊಂದು ಏರಿಸಿದ ಮೇಲಷ್ಟೇ ಆ ಹಳೆಯದನ್ನು ತೆಗೆಯುವುದು ನಮ್ಮ ಕ್ರಮ. ಗಂಡ ಇರುವವಳ ಕೈ ಒಂದು ಗಳಿಗೆಯೂ ಬರಿದಾಗಬಾರದು. ನನ್ನ ಅತ್ತೆ ನನಗೆ ಕಲಿಸಿದ ಮೊದಲ ಪಾಠ ಇದು. ನಾನು ಊರಿಗೆಲ್ಲ ಕಲಿಸಿದ್ದೇನೆ. ಈಗ ನನ್ನ ಕೈಯೇ ಬ್ಯಾಂಡೇಜು ಸುತ್ತಿಕೊಂಡು ಬರಿದಾಗಿ ಕೂತಿತ್ತು. ಆಪರೇಷನ್ ಆಗಿ ಮನೆಗೆ ಬಂದ ದಿನವೇ ನನ್ನ ತಂಗಿ ನಾಗು ಇದಕ್ಕೊಂದು ದಾರಿ ಹುಡುಕಿದಳು. ನಾಗು ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವವಳು. ಅರಿಶಿನದಲ್ಲಿ ಅದ್ದಿದ ದಾರವನ್ನು ಬ್ಯಾಂಡೇಜಿನ ಅಂಚಿಗೆ, ಮಣಿಕಟ್ಟಿನ ಹತ್ತಿರ ಕಟ್ಟಿದಳು. "ಬಳೆ ಬದ್ಲಿಗೆ ಇದಿರ್ಲಿ ಅಕ್ಕ" ಅಂದಳು. ಮಂಗಳವಾರ ಒಂದು, ಶುಕ್ರವಾರ ಒಂದು, ಹೊಸ ದಾರ. ನನಗೂ ಸಮಾಧಾನವಾಯಿತು.

ಇನ್ನೊಂದು ವಿಷಯ ಹೇಳಬೇಕು. ನನ್ನ ಮಗಳು ಶ್ವೇತ ಆಗ ಐದು ತಿಂಗಳ ಬಸುರಿ. ಶಿವಮೊಗ್ಗದ ನವುಲೆಯಲ್ಲಿ ಅವಳ ಮನೆ. ಏಳನೇ ತಿಂಗಳಲ್ಲಿ ಸೀಮಂತ ಎಂದು ಮಾತಾಗಿತ್ತು. ಭದ್ರಾವತಿಯಲ್ಲಿ ಎಷ್ಟು ಬಸುರಿಯರಿಗೆ ಹಸಿರು ಬಳೆ ಇಟ್ಟಿದ್ದೇನೋ ಲೆಕ್ಕವಿಲ್ಲ. ಅಷ್ಟೂ ಕೈಗಳ ಹಿಂದೆ ನನ್ನ ಮಗಳ ಕೈಯೇ ಕಾಣುತ್ತಿತ್ತು ಅಂದರೆ ಸುಳ್ಳಲ್ಲ. ಅವಳೂ ಚಿಕ್ಕಂದಿನಿಂದ ಹೇಳುತ್ತಿದ್ದಳು, "ನಂಗೆ ಅಮ್ಮನೇ ಬಳೆ ಇಡ್ಬೇಕು, ಬೇರೆಯವ್ರ ಕೈಲಿ ಇಡಿಸ್ಕೊಳಲ್ಲ" ಎಂದು. ಕೈ ಮುರಿದಾಗ ನನಗೆ ಬಂದ ಮೊದಲ ಯೋಚನೆ ಏಳನೇ ತಿಂಗಳಿಗೆ ಇದು ಕೂಡಿಕೊಳ್ಳುತ್ತದೆಯೇ ಎಂಬುದು.

ಎಂಟನೇ ದಿನವೋ ಒಂಬತ್ತನೇ ದಿನವೋ ಬ್ಯಾಂಡೇಜಿನ ಮೇಲೆ ಹಳದಿ ಕಲೆ ಕಂಡಿತು. ನಾಗು ನೋಡಿ, "ದಾರ ಹಸಿ ಇತ್ತಲ್ಲ, ಅರಿಶಿನ ಬಿಟ್ಕೊಂಡಿದೆ" ಅಂದಳು. ನನಗೂ ಹಾಗೇ ಕಂಡಿತು. ಮರುದಿನ ಕಲೆ ಅಗಲವಾಯಿತು. ಅರಿಶಿನವೇ ಅಂದುಕೊಂಡೆವು. ಮೂರನೇ ದಿನ ಚಳಿ ಬಂತು. ಯಜಮಾನರು ಹಲ್ಲು ಕೀಳಿಸಿಕೊಂಡಾಗ ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಗಳು ಡಬ್ಬದಲ್ಲಿದ್ದವು, ಬೆಳಿಗ್ಗೆ ಒಂದು, ಸಂಜೆ ಒಂದು ನುಂಗಿದೆ. ನಾಲ್ಕನೇ ದಿನ ಬ್ಯಾಂಡೇಜು ವಾಸನೆ ಬರತೊಡಗಿತು. ಅರಿಶಿನಕ್ಕೆ ಆ ವಾಸನೆ ಇಲ್ಲ. ಅದು ನಮಗೂ ಗೊತ್ತಿತ್ತು.

ಅದೇ ಆಸ್ಪತ್ರೆಯಲ್ಲಿ ಬ್ಯಾಂಡೇಜು ಬಿಚ್ಚಿದಾಗ ಡಾಕ್ಟರ ಮುಖ ನೋಡಿದೆ, ಕೈ ನೋಡಲಿಲ್ಲ. ಅವರು ಹೊಲಿಗೆಯ ಒಂದು ತುದಿ ಒತ್ತಿದರು. ನಾಗು ಸೆರಗು ಬಾಯಿಗೆ ಇಟ್ಟುಕೊಂಡು ಹೊರಗೆ ಹೋದಳು. ಅವತ್ತೇ ಮತ್ತೆ ಆಪರೇಷನ್ ಕೋಣೆಗೆ ಕರೆದುಕೊಂಡು ಹೋಗಿ ಒಳಗೆಲ್ಲ ತೊಳೆದರು. ಕೀವಿನ ಸ್ಯಾಂಪಲ್ ಲ್ಯಾಬಿಗೆ ಹೋಯಿತು. ರಿಪೋರ್ಟು ಬರಲು ಮೂರು ನಾಲ್ಕು ದಿನ ಬೇಕು ಅಂದರು.

ಆ ದಿನಗಳಲ್ಲಿ ನೆಂಟರಿಷ್ಟರ ಬಾಯಿಗೆ ಬೀಗ ಇರಲಿಲ್ಲ. ನೋಡಲು ಬಂದವರೆಲ್ಲ ಒಂದೊಂದು ಕಾರಣ ಹೇಳಿ ಹೋದರು. ಬದನೆಕಾಯಿ ತಿಂದದ್ದು, ತಲೆಗೆ ನೀರು ಹಾಕಿಕೊಂಡದ್ದು, ದೃಷ್ಟಿ. ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ನಿಂತರು: ನಾಗು ಕಟ್ಟಿದ ದಾರ. ಎಲ್ಲಿಯದೋ ಕೊಳಕು ದಾರ ಕಟ್ಟಿ ಅಕ್ಕನ ಕೈ ಕೊಳೆಸಿದಳು ಎಂದು ಒಬ್ಬರು ಅವಳ ಎದುರಿಗೇ ಅಂದರು. ನಾಗು ತುಂಬಾ ಮಾತಿನವಳು, ಜಗಳಕ್ಕೆ ನಿಂತರೆ ಬಸ್ ಸ್ಟ್ಯಾಂಡಿನಲ್ಲೂ ಸೋಲುವವಳಲ್ಲ. ಅವತ್ತು ಮಾತ್ರ ಊಟದ ಡಬ್ಬಿ ಮುಚ್ಚಳ ತೆಗೆಯುವುದು, ಹಾಕುವುದು, ಅಷ್ಟೇ ಮಾಡುತ್ತಿದ್ದಳು. ನಾನೂ ಅವಳ ಪರವಾಗಿ ಏನೂ ಅನ್ನಲಿಲ್ಲ, ಏಕೆಂದರೆ ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ರಿಪೋರ್ಟು ಬಂದ ದಿನ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ನಿಂತು ಮಾತಾಡುವ ಡಾಕ್ಟರು ಕೂತರೆ ಹೆದರಿಕೆಯಾಗುತ್ತದೆ. ಉದ್ದ ಬೆರಳಿನ ತೆಳು ಕೈ ಅವರದು. ಕಾಗದ ನನ್ನ ಮುಂದೆ ಹಿಡಿದರು. ಒಂದು ಕಡೆ ಉದ್ದಕ್ಕೂ ಔಷಧಿಗಳ ಹೆಸರು, ಎದುರಿಗೆ ಒಂದೊಂದು ಅಕ್ಷರ. ಆರ್, ಆರ್, ಆರ್ ಎಂದು ಕೆಳಗಿನವರೆಗೂ ಇತ್ತು. ನಾವು ಸ್ಟಾಕ್ ಪುಸ್ತಕದಲ್ಲಿ ಮುಗಿದುಹೋದ ಸೈಜಿನ ಮುಂದೆ ಅಡ್ಡಗೀಟು ಹಾಕುತ್ತೇವಲ್ಲ, ಹಾಗೆ.

"ಆರ್ ಅಂದ್ರೆ ಆ ಔಷಧಿ ಈ ಕ್ರಿಮಿಗೆ ನಾಟಲ್ಲ ಅಂತ" ಅಂದರು. "ಎರಡು ಉಳಿದಿವೆ. ಎರಡೂ ಕಿಡ್ನಿಗೆ ಸ್ವಲ್ಪ ಭಾರ. ದಿನಾ ರಕ್ತ ನೋಡ್ಕೊಂಡು ಕೊಡ್ತೀವಿ."

"ಆ ಎರಡಕ್ಕೂ ಬಗ್ಗದಿದ್ರೆ ಸಾರ್?"

ಅವರು ಕಾಗದ ಮಡಚಿದರು. "ಆಗ ಕೈ ಬಗ್ಗೆ ಮಾತಾಡ್ಬೇಕಾಗುತ್ತೆ. ಈಗ ಬೇಡ."

ಬಾಗಿಲ ಹತ್ತಿರ ನಿಂತಿದ್ದ ನಾಗು ಮುಂದೆ ಬಂದಳು. "ಡಾಕ್ಟ್ರೇ, ನಿಜ ಹೇಳ್ಬಿಡಿ. ನಾನು ಅರಿಶಿನದ ದಾರ ಕಟ್ಟಿದ್ದೆ. ಅದ್ರಿಂದಾನೇ ಆಯ್ತಾ?"

ಅವರು ಅವಳ ಕಡೆ ತಿರುಗಿದರು. "ಇಲ್ಲಮ್ಮ. ಈ ಕ್ರಿಮಿ ನಿಮ್ಮ ಅಡುಗೆಮನೇದಲ್ಲ. ಇಷ್ಟೊಂದು ಔಷಧಿ ಕಂಡು ಬದುಕಿ ಬಂದಿರೋದು ಆಸ್ಪತ್ರೆ ಒಳಗಿಂದು. ನಮ್ಮಲ್ಲೇ ಅಂಟಿದೆ ಇದು, ಮೊದಲ ಆಪರೇಷನ್ ಆದಾಗ. ಅದನ್ನ ನಾನು ಮುಚ್ಚಿಡಲ್ಲ." ಆಮೇಲೆ, "ಆದ್ರೆ ಆ ಅರಿಶಿನ ಇಲ್ದಿದ್ರೆ ನಾಲ್ಕು ದಿನ ಮುಂಚೆ ನಿಮಗೆ ಗೊತ್ತಾಗ್ತಿತ್ತು. ಉಳಿದ ಮಾತ್ರೆ ನುಂಗಿದ್ದೂ ತಪ್ಪು. ಅದನ್ನೂ ಹೇಳ್ಬೇಕಲ್ಲ" ಅಂದರು.

ನನಗೆ ಸಿಟ್ಟು ಬಂತು. ವಾಸಿಯಾಗಲು ಬಂದ ಜಾಗದಲ್ಲೇ ಇದನ್ನು ಅಂಟಿಸಿಕೊಂಡು ಹೋದೆನಲ್ಲ. ಯಜಮಾನರು ಎದ್ದು ನಿಂತು ಜೋರಾಗಿ ನಾಲ್ಕು ಮಾತು ಅಂದರು. ಡಾಕ್ಟರು ತಲೆ ತಗ್ಗಿಸಿ ಕೇಳಿಸಿಕೊಂಡರು, ಎದ್ದು ಹೋಗಲಿಲ್ಲ. ಒಪ್ಪಿಕೊಂಡು ಎದುರಿಗೆ ಕೂತವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲು ಬರುತ್ತದೆ? ಅವರು ಹೋದ ಮೇಲೆ ನಾಗು ನನ್ನ ಕಾಲಿನ ಹತ್ತಿರ ಕೂತು ಜೋರಾಗಿ ಅತ್ತಳು. ಐದು ದಿನದ ಅಳು ಅದು. ಡಾಕ್ಟರು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ದಾರದ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಿದ್ದರೆ ನನ್ನ ತಂಗಿ ಜೀವಮಾನವಿಡೀ ಅದನ್ನು ಹೊತ್ತು ತಿರುಗುತ್ತಿದ್ದಳು.

ಅವತ್ತು ಮಧ್ಯಾಹ್ನವೇ ನನ್ನನ್ನು ಮೂಲೆ ರೂಮಿಗೆ ಸಾಗಿಸಿದರು. ಬೇರೆ ರೋಗಿಗಳಿಗೆ ಅಂಟಬಾರದು ಎಂದು. ಬಾಗಿಲಿಗೆ ಒಂದು ಚೀಟಿ, ಪಕ್ಕದಲ್ಲಿ ನೀಲಿ ಗೌನು, ಗ್ಲೌಸಿನ ಡಬ್ಬಿ, ಬೇಸಿನ್ನು. ಒಳಗೆ ಇರಲು ಒಬ್ಬರಿಗೆ ಮಾತ್ರ ಅವಕಾಶ. ಹೂವಿಲ್ಲ, ಹಣ್ಣಿನ ಬುಟ್ಟಿ ಇಲ್ಲ, ಮಂಚದ ಮೇಲೆ ಕೂರುವ ಹಾಗಿಲ್ಲ. ನಮ್ಮ ಅಂಗಡಿ ಪಕ್ಕದಲ್ಲಿ ಹೂವು ಮಾರುವ ಸೆಲ್ವಿ ಒಂದು ಮಾರು ಮಲ್ಲಿಗೆ ಹಿಡಿದುಕೊಂಡು ಭದ್ರಾವತಿಯಿಂದ ಬಂದಿದ್ದಳು. ಬಿಡಲಿಲ್ಲ. ಕಾರಿಡಾರಿನಿಂದಲೇ, "ಅಯ್ಯಯ್ಯೋ ಅಕ್ಕಾ, ಇದೇನು ಜೈಲಾ? ನೀ ಹೆದರ್ಬೇಡ, ಅಂಗಡಿ ನಾ ನೋಡ್ಕೊಳ್ತೀನಿ!" ಎಂದು ಕೂಗಿದಳು. ಆಮೇಲೆ ಆ ಮಲ್ಲಿಗೆಯನ್ನು ಕಾರಿಡಾರಿನಲ್ಲಿದ್ದ ಎಲ್ಲ ಹೆಂಗಸರಿಗೂ ತುಂಡು ಮಾಡಿ ಹಂಚಿ ಹೋದಳಂತೆ.

ನನ್ನ ಜೊತೆ ಇರುವವಳು ನಾಗು ಎಂದು ತೀರ್ಮಾನವಾಯಿತು. ಸಿಸ್ಟರ್ ಪ್ರಮೀಳಾ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದಳು, "ಉಂಗುರ, ಬಳೆ, ವಾಚು ಏನೂ ಇರ್ಬಾರದು. ಮೊಣಕೈ ತನಕ ಸೋಪು ಹಾಕಿ ತೊಳೀಬೇಕು."

"ಉಂಗುರ ತೆಗಿತೀನಿ. ಬಳೆ ಆಗಲ್ಲ" ಅಂದಳು ನಾಗು. "ಗಂಡ ಗಟ್ಟಿಮುಟ್ಟಾಗಿ ಇರೋವಾಗ ಕೈ ಬರಿದು ಮಾಡ್ಕೊಂಡು ಕೂತ್ಕೊಳೋಕೆ ನಂಗೇನು ಬಂದಿದೆ? ಮೇಲಿಂದ ಗ್ಲೌಸ್ ಹಾಕ್ಕೊಳ್ತೀನಲ್ಲ, ಸಾಕು."

"ಬಳೆ ಕೆಳಗೆ ಸೋಪು ಹೋಗಲ್ಲಮ್ಮ. ಅದು ಅಲ್ಲೇ ಕೂತಿರುತ್ತೆ. ತೆಗೆಯಲ್ಲ ಅಂದ್ರೆ ಬೇರೆಯವ್ರನ್ನ ಕಳಿಸಿ."

ನಾಗು ನನ್ನ ಕಡೆ ನೋಡಿದಳು. ನಾನು ಅವಳ ಪರವಾಗಿ ಮಾತಾಡುತ್ತೇನೆ ಎಂದೇ ಅವಳ ನಂಬಿಕೆ. ನನಗೂ ಬಾಯಿಯ ತುದಿಗೆ ಬಂದಿತ್ತು. ಆದರೆ ಪ್ರಮೀಳಾ ಹೇಳಿದ್ದು ನಿಜ ಎಂದು ಆ ಕಟ್ಟಡದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮೂವತ್ತು ವರ್ಷ ಹಳೆಯ ಬಳೆ ಇಳಿಸಿದ್ದೇನೆ. ಅದರ ಕೆಳಗೆ ಏನೇನು ಇರುತ್ತದೆ ಎಂದು ಕಂಡಿದ್ದೇನೆ: ಸೋಪಿನ ಬಿಳಿ ಪದರ, ರೊಟ್ಟಿ ಹಿಟ್ಟು, ಅರಿಶಿನ, ವರ್ಷದ ಕೊಳೆ. ದಿನಕ್ಕೆ ಎರಡು ಸಲ ಸ್ನಾನ ಮಾಡುವವರ ಕೈಯಲ್ಲೂ. ಹೊಸ ಬಳೆ ಏರಿಸುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಯಾರಿಗೂ ಹೇಳದೆ ಸುಮ್ಮನಿರುವುದು ನಮ್ಮ ಮರ್ಯಾದೆ.

"ನಾಗೂ, ತೆಗಿ" ಅಂದೆ.

"ನೀನೇ ಹೇಳ್ತೀಯೇನೇ ಅಕ್ಕ?"

"ನಾನೇ ಹೇಳ್ತೀನಿ ಮಾರಾಯ್ತಿ. ಅವನ್ನ ಹಾಕಿದೋಳು ನಾನು, ತೆಗಿ ಅನ್ನೋಳೂ ನಾನೇ. ಪಾಪ ಬಂದ್ರೆ ನನ್ನ ತಲೆ ಮೇಲಿರ್ಲಿ."

ಬೇಸಿನ್ನಿನ ಹತ್ತಿರ ಸೋಪು ಹಚ್ಚಿಕೊಂಡು ಎಳೆಯತೊಡಗಿದಳು. ನಾನು ಮಂಚದಿಂದಲೇ, "ಹೆಬ್ಬೆರಳು ಒಳಗೆ ಮಡಚು, ಕಿರುಬೆರಳ ಕಡೆಯಿಂದ ಜಾರ್ಸು" ಎಂದು ಹೇಳಿಕೊಟ್ಟೆ. ಒಂದು ಹೆಚ್ಚಾಯಿತು. ಉಳಿದವು ಬಂದವು. ಪ್ರಮೀಳಾ ಅವನ್ನು ಒಂದು ಕವರಿನಲ್ಲಿ ಹಾಕಿ ಮೇಲೆ ನಾಗರತ್ನ ಎಂದು ಬರೆದು ಕೊಟ್ಟಳು. ನಾಗು ಗೌನು ಹಾಕಿಕೊಂಡು ಒಳಗೆ ಬಂದಾಗ ಆ ಬರಿಗೈ ನೋಡಲಾಗದೆ ನಾನು ಗೋಡೆ ಕಡೆ ತಿರುಗಿದೆ. ಗೋಡೆ ಕಡೆ ತಿರುಗುವುದು ಗೊತ್ತು ಅಂದೆನಲ್ಲ, ಅದು ಅವತ್ತು ಶುರುವಾದದ್ದು.

ಎರಡು ದಿನದ ಮೇಲೆ ಪ್ರಮೀಳಾಳನ್ನು ಕೇಳಿಯೇಬಿಟ್ಟೆ, "ನಿಂಗೆ ಮದ್ವೆ ಆಗಿದೆಯಲ್ಲ? ನಿನ್ ಕೈಲೂ ಏನೂ ಇಲ್ಲ?"

ಅವಳು ನಕ್ಕಳು. "ಬ್ಯಾಗಲ್ಲಿವೆ ಆಂಟಿ. ಡ್ಯೂಟಿ ಮುಗಿಸಿ ಭದ್ರಾವತಿ ಬಸ್ ಹತ್ತಿದ ಮೇಲೆ ಹಾಕ್ಕೊಳ್ತೀನಿ. ಮಲವಗೊಪ್ಪ ಬರೋದ್ರೊಳಗೆ ಹಾಕ್ಕೊಂಡಿರ್ಬೇಕು, ಸ್ಟಾಪಲ್ಲಿ ಅತ್ತೆ ನಿಂತಿರ್ತಾರೆ!"

ಆ ಹುಡುಗಿ ಬಸ್ಸಿನ ಸೀಟಿನಲ್ಲಿ ಕೂತು ಒಂದೊಂದೇ ಬಳೆ ಏರಿಸಿಕೊಳ್ಳುವುದು ನನ್ನ ಕಣ್ಣಿಗೆ ಕಟ್ಟಿತು. ನಮ್ಮಂಥವರ ಕೈ ಕಾಲು ಉಳಿಯಲಿ ಎಂದು ದಿನಾ ಬಿಚ್ಚಿ ದಿನಾ ಹಾಕಿಕೊಳ್ಳುವವಳು. ಯಾವ ಶಾಸ್ತ್ರದಲ್ಲಿ ಇದು ತಪ್ಪಾದೀತು?

ಐದು ವಾರ ಆ ರೂಮಿನಲ್ಲಿದ್ದೆ. ಬೇರೆ ನೋವಿನ ಬಗ್ಗೆ ಬರೆಯುವುದಿಲ್ಲ, ಅದು ಎಲ್ಲರಿಗೂ ಅವರವರದೇ. ನನಗೆ ಕಷ್ಟವಾದದ್ದು ರಬ್ಬರು. ಮುಟ್ಟುವವರೆಲ್ಲ ಗ್ಲೌಸ್ ಹಾಕಿ ಮುಟ್ಟುತ್ತಿದ್ದರು. ಜೀವಮಾನವೆಲ್ಲ ಬೇರೆಯವರ ಕೈ ಹಿಡಿದು ಅನ್ನ ಉಂಡವಳು ನಾನು. ಬೆಚ್ಚಗಿನ ಕೈ, ಬೆವರಿದ ಕೈ, ಪಾತ್ರೆ ತೊಳೆದು ಒರಟಾದ ಕೈ, ಯಾವುದಾದರೂ ಒಂದು ಚರ್ಮ ತಾಗಲಿ ಅನ್ನಿಸುತ್ತಿತ್ತು. ನಾಗು ಗ್ಲೌಸಿನಲ್ಲೇ ತಲೆ ಬಾಚಿದಳು. ಕೂದಲು ಗ್ಲೌಸಿಗೆ ಅಂಟಿ ಎಳೆದು, ನಾನು ಬೈದು, ಅವಳು ಬೈದು, ಇಬ್ಬರೂ ನಕ್ಕೆವು. ಆ ರೂಮಿನಲ್ಲಿ ಮೊದಲ ಸಲ ನಕ್ಕದ್ದು ಅವತ್ತು.

ಶ್ವೇತಳನ್ನು ಒಳಗೆ ಬಿಡುವ ಹಾಗಿರಲಿಲ್ಲ. ನಾನೇ ಬೇಡವೆಂದಿದ್ದೆ. ಸಂಜೆ ಅವಳು ಗಂಡನ ಸ್ಕೂಟರಿನಲ್ಲಿ ಬಂದು ಆಸ್ಪತ್ರೆಯ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲುತ್ತಿದ್ದಳು. ನಾನು ಎರಡನೇ ಮಹಡಿಯ ಕಿಟಕಿಯಲ್ಲಿ. ಕಣ್ಣಲ್ಲಿ ನೋಡಿಕೊಂಡು ಫೋನಿನಲ್ಲಿ ಮಾತಾಡುವುದು. ಅವಳು ಕೈ ಬೀಸಿದರೆ ಬಳೆ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

"ಅಮ್ಮ, ಏಳನೇ ತಿಂಗಳು ಬಂತು. ಅತ್ತೆ ಕೇಳ್ತಿದಾರೆ" ಅಂದಳು ಒಂದು ದಿನ. ಅವಳ ಅತ್ತೆ ಆಯನೂರಿನವರು, ಶಾಸ್ತ್ರ ಸಂಪ್ರದಾಯದಲ್ಲಿ ಗಟ್ಟಿ.

"ಮಾಡ್ಕೊಳ್ರೇ. ನಾಗು ಬಳೆ ಇಡ್ತಾಳೆ."

"ನೀನು ಬಂದ್ಮೇಲೇನೇ."

"ನಾ ಬಂದ್ರೂ ಈ ಕೈ ಬರುತ್ತೋ ಇಲ್ವೋ" ಅಂದುಬಿಟ್ಟೆ. ಅನ್ನಬಾರದಿತ್ತು. ಅವಳು "ಒಂಬತ್ತರಲ್ಲಿ ಮಾಡ್ಬಹುದಂತೆ, ಕೇಳಿದೀನಿ" ಅಂದು ಸ್ಕೂಟರು ಹತ್ತಿದಳು.

ದಿನಾ ಬೆಳಿಗ್ಗೆ ರಕ್ತ ತೆಗೆಯುವರು, ಹನ್ನೊಂದಕ್ಕೆ ಕಿಡ್ನಿಯ ಸಂಖ್ಯೆ ಬರುವುದು. ಯಜಮಾನರು ಬಾಗಿಲ ಗಾಜಿನ ಆಚೆ ನಿಂತು ಬೆರಳಲ್ಲಿ ತೋರಿಸುತ್ತಿದ್ದರು, ಮೇಲೆ ಅಥವಾ ಕೆಳಗೆ ಎಂದು; ಮೇಲೆ ಅಂದರೆ ಕಿಡ್ನಿಗೆ ಕೆಟ್ಟದ್ದು. ಎರಡನೇ ವಾರ ನಾಲ್ಕು ದಿನ ಬೆರಳು ಮೇಲೇ ಇತ್ತು. ಔಷಧಿ ಕಡಿಮೆ ಮಾಡಿದರು. ಕಡಿಮೆ ಮಾಡಿದರೆ ಕೈ ಹೋದೀತು, ಮಾಡದಿದ್ದರೆ ಕಿಡ್ನಿ ಹೋದೀತು. ಆ ನಾಲ್ಕು ದಿನ ನಾನು ದೇವರನ್ನೂ ಕೇಳಿಕೊಳ್ಳಲಿಲ್ಲ. ಯಾವುದನ್ನು ಉಳಿಸು ಎಂದು ಕೇಳುವುದು? ಒಳಗಿನ ಪ್ಲೇಟಿಗೇ ಕ್ರಿಮಿ ಕಚ್ಚಿಕೊಂಡಿದೆ ಎಂದು ಮತ್ತೆ ಆಪರೇಷನ್ ಮಾಡಿ ಅದನ್ನು ತೆಗೆದು, ಮೂಳೆ ಅಲುಗದಂತೆ ಹೊರಗಿನಿಂದ ಕಂಬಿ ಹಾಕಿದರು.

ನಾಲ್ಕನೇ ವಾರ ಒಂದು ಬೆಳಿಗ್ಗೆ ಡಾಕ್ಟರು ಬ್ಯಾಂಡೇಜು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿದರು. "ಮಂಗಳಮ್ಮ, ನೋಡಿ" ಅಂದರು. ಬ್ಯಾಂಡೇಜು ಬೆಳ್ಳಗಿತ್ತು. ಎಲ್ಲೂ ಹಳದಿ ಇರಲಿಲ್ಲ. ನಾನು ಎಂಥೆಂಥ ಬಣ್ಣದ ಬಳೆ ಮಾರಿದ್ದೇನೆ, ಬಿಳಿ ಬಣ್ಣ ನೋಡಿ ಇಷ್ಟು ಖುಷಿಪಟ್ಟಿರಲಿಲ್ಲ. ಯಜಮಾನರು ಗಾಜಿನ ಆಚೆ ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು, ನೆಗಡಿ ಎಂದು ಆಮೇಲೆ ಹೇಳಿದರು.

ಮನೆಗೆ ಬರುವ ದಿನ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದೆ. "ಮಗಳನ್ನ ಮುಟ್ಬಹುದಾ?"

"ಮುಟ್ಟಿ. ಕ್ರಿಮಿ ಒಳಗೆಲ್ಲೋ ಸ್ವಲ್ಪ ದಿನ ಸುಮ್ನೆ ಇದ್ರೂ ಇರ್ಬಹುದು. ಸೋಪು ಹಾಕಿ ಕೈ ತೊಳ್ಕೊಂಡು ಮುಟ್ಟಿ, ಅಷ್ಟೇ."

ಅಷ್ಟೇ ಅಂದರೂ ನನಗೆ ಅಷ್ಟೇ ಆಗಿರಲಿಲ್ಲ. ಶ್ವೇತ ಭದ್ರಾವತಿಗೆ ಬಂದರೆ ನಾನು ಅಡುಗೆಮನೆಯಲ್ಲಿ ಏನೋ ಕೆಲಸ ಮಾಡುತ್ತಾ ದೂರ ನಿಲ್ಲುತ್ತಿದ್ದೆ. ಊರಿನವರೂ ನನಗೆ ಇದನ್ನೇ ಕಲಿಸಿದರು. ಮಂಗಳಕ್ಕನಿಗೆ ಅಂಟುರೋಗವಂತೆ ಎಂದು ಸುದ್ದಿ ನನಗಿಂತ ಮುಂಚೆ ಊರು ಸೇರಿತ್ತು. ಕಂಬಿ ತೆಗೆಸಿಕೊಂಡು ಅಂಗಡಿ ತೆರೆದ ಮೊದಲ ದಿನ, ಇಪ್ಪತ್ತು ವರ್ಷದ ಗಿರಾಕಿ ಒಬ್ಬರು ಬಳೆ ಆರಿಸಿದರು. ನಾನು ಕೈ ಚಾಚಿದ ಕೂಡಲೇ, "ಮನೇಲೇ ಹಾಕ್ಕೊಳ್ತೀನಿ ಬಿಡಿ" ಎಂದು ಕೈ ಹಿಂದೆ ತೆಗೆದುಕೊಂಡರು. ಒಂದು ಕ್ಷಣ ಅಂಗಡಿ ಮುಚ್ಚಿಬಿಡೋಣ ಅನ್ನಿಸಿತು. ಆಮೇಲೆ ನನ್ನ ಗುಣ ನನಗೆ ವಾಪಸು ಬಂತು. ಮರುದಿನವೇ ಅಂಗಡಿ ಮುಂದೆ ನಲ್ಲಿ ಇರುವ ನೀರಿನ ಡ್ರಮ್ಮು, ಸೋಪು ಇಟ್ಟೆ. ಪ್ರತಿ ಗಿರಾಕಿಯ ಎದುರಿಗೇ ಮೊಣಕೈ ತನಕ ತೊಳೆದು, "ಈಗ ನೀವೂ ತೊಳ್ಕೊಳಿ, ನಿಮ್ ಕೈಲೇನಿದೆಯೋ ನಂಗೇನು ಗೊತ್ತು?" ಅಂದೆ. ನಕ್ಕರು. ಸೆಲ್ವಿ ಮೊದಲು ಕೈ ಕೊಟ್ಟಳು, ಆಮೇಲೆ ಉಳಿದವರು. ಆ ಗಿರಾಕಿಯೂ ದೀಪಾವಳಿಗೆ ಬಂದರು.

ಒಂಬತ್ತನೇ ತಿಂಗಳಲ್ಲಿ ನವುಲೆಯ ಮನೆಯಲ್ಲಿ ಸೀಮಂತ ಮಾಡಿದರು. ನನ್ನ ಬಲಗೈ ಬೆರಳುಗಳು ಪೂರ್ತಿ ಮಡಚುವುದಿಲ್ಲ, ಮುಂಗೈಗೂ ಮೊದಲಿನ ಬಲ ಬಂದಿರಲಿಲ್ಲ. ಬಳೆ ಇಡಬೇಕಾದರೆ ಒಂದು ಕೈಯಲ್ಲಿ ಅಂಗೈ ಒತ್ತಿ ಕಿರಿದು ಮಾಡಿ, ಇನ್ನೊಂದರಲ್ಲಿ ಬಳೆ ಏರಿಸಬೇಕು. ನಾಗು ಶ್ವೇತಳ ಅಂಗೈ ಒತ್ತಿ ಹಿಡಿದಳು, ನಾನು ಏರಿಸಿದೆ. ಒಂದೊಂದಕ್ಕೂ ಹೊತ್ತು ಹಿಡಿಯಿತು. ಬಂದವರು ಹರಟೆಗೆ ಕೂತರು. ಎರಡು ಸಲ ತೊಳೆದಿದ್ದರೂ ಮಗಳ ಚರ್ಮ ತಾಗಿದಾಗ ನನ್ನ ಬೆರಳು ಹಿಂದೆ ಸರಿಯಿತು. "ಅಮ್ಮ, ನಾನು ಗಾಜಲ್ಲ, ಸರಿಯಾಗಿ ಹಿಡ್ಕೊ" ಅಂದಳು. ಹಿಡಿದುಕೊಂಡೆ. ಅವಳ ಕೈ ಬೆಚ್ಚಗಿತ್ತು.

ಹೆರಿಗೆಗೆ ಆಸ್ಪತ್ರೆ ಸೇರಿದ ದಿನ ನಾನೂ ಹೋಗಿದ್ದೆ. ಆಪರೇಷನ್ ಮಾಡಬೇಕಾಗಬಹುದು ಅಂದರು. ನರ್ಸು ಬಂದು ಬಳೆ ತೆಗೆಯಲು ಹೇಳಿದಳು. ಶ್ವೇತಳ ಅತ್ತೆ ಅಡ್ಡ ಬಂದರು. "ಸೀಮಂತದ ಬಳೆ ಹೆರಿಗೆ ಆಗೋ ತನಕ ತೆಗೆಯೋ ಹಾಗಿಲ್ಲ. ಒಂದೊಂದಾದ್ರೂ ಬಿಡಿ ಅತ್ತಿಗೆ, ನಿಮಗೆ ಹೇಳಿಕೊಡ್ಬೇಕಾ?" ಅಂದರು. ಹೇಳಿಕೊಡಬೇಕಾಗಿರಲಿಲ್ಲ. ಆ ಮಾತನ್ನು ಊರಿಗೆ ಹೇಳಿಕೊಟ್ಟವಳೇ ನಾನು.

ಶ್ವೇತ ನನ್ನ ಮುಖ ನೋಡಿದಳು.

ನಾನು ಹೋಗಿ ಮೊಣಕೈ ತನಕ ತೊಳೆದುಕೊಂಡು ಬಂದೆ. ಮಂಚದ ಪಕ್ಕ ಕೂತು, ಅಷ್ಟು ಕಷ್ಟಪಟ್ಟು ಏರಿಸಿದ ಹಸಿರು ಬಳೆಗಳನ್ನು ಅದೇ ಡೊಂಕು ಬೆರಳುಗಳಲ್ಲಿ ಇಳಿಸಿದೆ. ಊದಿದ ಕೈ, ಸೋಪಿನ ನೀರು, ಮೆಲ್ಲಗೆ. ಒಂದೂ ಹೆಚ್ಚಾಗಲಿಲ್ಲ. ಒಂದನ್ನೂ ಉಳಿಸಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಪೂರ್ತಿ ಬರಿದು ಮಾಡಿದ ಮೊದಲ ಕೈ ನನ್ನ ಮಗಳದು. ಅವಳ ಅತ್ತೆ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ನನಗೆ ಹೆದರಿಕೆಯಾಗಲಿಲ್ಲ.

ಹೆಣ್ಣು ಮಗು. ಎತ್ತಿಕೊಳ್ಳಲು ಮುಂದೆ ಹೋದರೆ ಬಾಣಂತಿ ಮಲಗಿದಲ್ಲಿಂದಲೇ, "ಕೈ ತೊಳ್ದಿದೀಯೇನಮ್ಮ?" ಅಂದಳು. ಮತ್ತೆ ಹೋಗಿ ತೊಳೆದುಕೊಂಡು ಬಂದೆ. ಮಗು ನನ್ನ ಮಡಚದ ಬೆರಳನ್ನು ಹಿಡಿದುಕೊಂಡು ಬಿಡಲೇ ಇಲ್ಲ.

ಮೂಲೆ ರೂಮಿನಲ್ಲಿರುವ ಅಮ್ಮಾ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಕೈಯ ಅಳತೆ ಮಾತ್ರ ಪ್ರಮೀಳಾ ಹೇಳಿದ್ದಾಳೆ, ಎರಡೂವರೆಯಂತೆ. ಮನೆಗೆ ಹೋದ ಮೇಲೆ ಜನ ನಿಮ್ಮ ಕೈ ಹಿಡಿಯಲು ಹಿಂದೆಮುಂದೆ ನೋಡಬಹುದು. ಅಂಥ ದಿನ ಹಳೇನಗರಕ್ಕೆ ಬನ್ನಿ. ಹಸಿರು ಗಾಜಿನದು ಒಂದು ಡಜನ್ ನಿಮಗೆಂದು ಎತ್ತಿಟ್ಟಿದ್ದೇನೆ. ಸೋಪು ನೀರು ಬಾಗಿಲಲ್ಲೇ ಇದೆ. ನನ್ನ ಕೈ ಸ್ವಲ್ಪ ನಿಧಾನ, ಕೂತುಕೊಳ್ಳುವಷ್ಟು ಹೊತ್ತು ಇಟ್ಟುಕೊಂಡು ಬನ್ನಿ. ಗ್ಲೌಸ್ ಹಾಕುವುದಿಲ್ಲ.